ನಮ್ಮೊಳಗಿನ ಪಂಪು



ನಮ್ಮ ಚೆನ್ನೈಗೂ ಕ್ಯಾನ್ಸರ್ ಚಿಕಿತ್ಸೆಗೂ ಹಳೆಯ ನಂಟು. ತಂಗಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಛಲದಿಂದ 1954ರಲ್ಲಿ ಅಡ್ಯಾರಿನಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಮರುವರ್ಷ ಅಲ್ಲಿ ಸೇರಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿಯೇ ಬದುಕಿದರು.

ಕ್ಯಾನ್ಸರ್ ಬಂದ ಮನೆಗಳಲ್ಲಿ ಒಂದು ಮಾತು ಕೇಳುತ್ತೇವೆ: "ಮೊದಮೊದಲು ಕೀಮೋ ಚೆನ್ನಾಗಿ ನಾಟಿತು, ಆಮೇಲೆ ನಾಟಲಿಲ್ಲ." ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಇವತ್ತು ಹೇಳುತ್ತೇನೆ.

1976ರಲ್ಲಿ ಕೆನಡಾದ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಅವರು ಔಷಧಕ್ಕೆ ಬಗ್ಗದ ಜೀವಕೋಶಗಳ ಹೊರಪೊರೆಯಲ್ಲಿ ಒಂದು ಪ್ರೋಟೀನನ್ನು ಗುರುತಿಸಿದರು. ಹೆಸರು ಪಿ-ಗ್ಲೈಕೋಪ್ರೋಟೀನ್. ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನುಗ್ಗಿದ ನೀರನ್ನು ಮೋಟಾರು ಹೊರಹಾಕುತ್ತದಲ್ಲ, ಹಾಗೆಯೇ ಇದು ಒಳಬಂದ ಔಷಧವನ್ನು ಹೊರಹಾಕುತ್ತದೆ.

ಹಾಗಾದರೆ ಇದು ನಮ್ಮ ಶತ್ರುವೇ? ಅಲ್ಲ. 1987ರಲ್ಲಿ ಇದೇ ಪ್ರೋಟೀನ್ ಆರೋಗ್ಯವಂತರ ಲಿವರ್, ಕಿಡ್ನಿ, ಕರುಳುಗಳಲ್ಲೂ ಇರುವುದು ತಿಳಿಯಿತು. ಆಮೇಲೆ ಮಿದುಳಿನ ಸಣ್ಣ ರಕ್ತನಾಳಗಳಲ್ಲಿ, ಗರ್ಭಿಣಿಯ ಮಾಸಿನಲ್ಲಿ ಅಂದರೆ ಪ್ಲಾಸೆಂಟಾದಲ್ಲೂ ಕಂಡಿತು. ನೋಡಿ, ಎಲ್ಲವೂ ಕಾವಲು ಬೇಕಾದ ಜಾಗಗಳೇ! ಭೇದಿಗೆ ಕೊಡುವ ಲೋಪರಮೈಡ್ ಅಫೀಮಿನ ಗುಂಪಿಗೆ ಸೇರಿದ ಔಷಧ. ಆದರೂ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಅಮಲು ಬರುವುದಿಲ್ಲ. ಮಿದುಳಿನ ಬಾಗಿಲಲ್ಲಿ ಈ ಪಂಪು ಅದನ್ನು ತಡೆಯುತ್ತದೆ.

ಇದಕ್ಕೊಬ್ಬ ಬಂಧುವಿದ್ದಾನೆ. 1998ರಲ್ಲಿ ಸ್ತನ ಕ್ಯಾನ್ಸರಿನ ಕೋಶಗಳಲ್ಲಿ ಸಿಕ್ಕಿದ್ದರಿಂದ ಅದರ ಹೆಸರಿನಲ್ಲೇ ಆ ರೋಗ ಸೇರಿಕೊಂಡಿತು. ಆದರೆ ಅದು ತಾಯಿಯ ಎದೆಹಾಲಿಗೆ ಬಿ2 ಜೀವಸತ್ವವನ್ನು ಸಾಗಿಸುತ್ತದೆಂದು ಇಲಿಗಳ ಮೇಲಿನ ಅಧ್ಯಯನ ತೋರಿಸಿತು. ಅದೇ ದಾರಿಯಲ್ಲಿ ಕೆಲವು ಔಷಧಗಳೂ ಹಾಲಿಗೆ ಸೇರುತ್ತವೆ.

ಪಂಪನ್ನು ನಿಲ್ಲಿಸಿ ಕೀಮೋ ನಾಟಿಸುವ ಪ್ರಯತ್ನಗಳು ಬಹಳ ನಡೆದವು, ನಿರೀಕ್ಷಿಸಿದ ಫಲ ಸಿಗಲಿಲ್ಲ. ಗೆಡ್ಡೆಯಲ್ಲಿ ನಿಲ್ಲಿಸಲು ಹೋದರೆ ಕರುಳು, ಕಿಡ್ನಿಯಲ್ಲೂ ನಿಲ್ಲುತ್ತದೆ. ಔಷಧ ಮೈಯಲ್ಲೇ ಉಳಿದು ವಿಷವಾಗುತ್ತದೆ.

ಇದು ಕ್ಯಾನ್ಸರ್ ಇಲ್ಲದ ಮನೆಗಳಿಗೂ ಅನ್ವಯಿಸುವ ಮಾತು. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವ ಅತ್ತೆಗೆ ಕೆಮ್ಮೆಂದು ಅಂಗಡಿಯಿಂದ ಕ್ಲಾರಿಥ್ರೋಮೈಸಿನ್ ತಂದುಕೊಟ್ಟೆವು ಅನ್ನಿ. ಅದು ಪಂಪನ್ನು ತಡೆಯುತ್ತದೆ, ಡಿಗಾಕ್ಸಿನ್ ರಕ್ತದಲ್ಲಿ ಏರುತ್ತದೆ. ಆಗ ವಾಂತಿ, ಹೃದಯ ಬಡಿತದ ಏರುಪೇರು, ಪ್ರಾಣಾಪಾಯವೂ ಆಗಬಹುದು. ಎರಡೂ ಒಳ್ಳೆಯ ಔಷಧಗಳೇ, ಜೊತೆಯಾದಾಗ ಮಾತ್ರ ತೊಂದರೆ.

ಮನೆಯವರ ಮಾತ್ರೆಯ ಡಬ್ಬಿ ಹೆಚ್ಚಾಗಿ ನಮ್ಮ ಕೈಯಲ್ಲೇ ಇರುತ್ತದೆ. ಆದ್ದರಿಂದ ಪ್ರತಿಯೊಬ್ಬರ ಔಷಧಗಳ ಪಟ್ಟಿ ಬರೆದಿಡಿ. ಆಯುರ್ವೇದದ್ದು, ಅಂಗಡಿಯಿಂದ ನಾವೇ ತಂದದ್ದು, ಎಲ್ಲವೂ ಅದರಲ್ಲಿರಲಿ. ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿ. ನಡೆಯುತ್ತಿರುವ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ.