ಮೊಬೈಲ್ ನಂಬರು ನಮ್ಮ ಹೆಬ್ಬೆಟ್ಟು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಹಾಲು ಉತ್ಪಾದಕರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವರು. ಈ ಸಮಾರಂಭದಲ್ಲಿ ಒಬ್ಬೊಬ್ಬ ನಿರ್ದೇಶಕರು ಒಂದೊಂದು ವಿಷಯ ಮಾತಾಡಬೇಕು ಎಂದು ಮಂಡಳಿ ತೀರ್ಮಾನ ಮಾಡಿದಾಗ ಒಬ್ಬರು ಹಸಿರು ಮೇವು ತಗೊಂಡರು, ಒಬ್ಬರು ಕೆಚ್ಚಲು ಬಾವು ತಗೊಂಡರು, ಇನ್ನೊಬ್ಬರು ರಾಸುಗಳ ವಿಮೆ ತಗೊಂಡರು. ನಾವು ಸಿಮ್ ಕಾರ್ಡ್ ವಿಷಯ ಕೇಳಿ ತಗೊಂಡೆವು. ಯಾಕೆ ಅಂದರೆ ಅದರಲ್ಲಿ ಪೆಟ್ಟು ತಿಂದವರು ನಾವೇ.

ಇಪ್ಪತ್ತೈದು ವರ್ಷದ ಹಿಂದೆ ಈ ಸಂಘ ಶುರುವಾದಾಗ ಬಟವಾಡೆ ಹೇಗಿತ್ತು, ಹಿರಿಯರಿಗೆ ನೆನಪಿರಬೇಕು. ಮೇಜಿನ ಮೇಲೆ ದುಡ್ಡಿನ ಪೆಟ್ಟಿಗೆ, ಪಕ್ಕದಲ್ಲಿ ಇಂಕಿನ ಪ್ಯಾಡು. ಓದು ಬಾರದ ತಾಯಂದಿರು ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು, ಪಕ್ಕದಲ್ಲಿ ಒಬ್ಬರು ಸಾಕ್ಷಿ ರುಜು ಹಾಕುತ್ತಿದ್ದರು. ಆ ಹೆಬ್ಬೆಟ್ಟನ್ನು ಯಾರೂ ಎರವಲು ಕೊಡುವಂತಿರಲಿಲ್ಲ. ಈಗ ಹಾಲಿನ ಬಿಲ್ಲು ಬ್ಯಾಂಕಿಗೆ ಹೋಗುತ್ತೆ, ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ ಬರುತ್ತೆ. ಆ ಖಾತೆಯ ಬೀಗ ತೆರೆಯುವುದು ಮೊಬೈಲಿಗೆ ಬರುವ ಓಟಿಪಿ. ಅಂದರೆ ಇವತ್ತು ನಮ್ಮ ನಂಬರೇ ನಮ್ಮ ಹೆಬ್ಬೆಟ್ಟು. ವ್ಯತ್ಯಾಸ ಇಷ್ಟೇ, ಈ ಹೆಬ್ಬೆಟ್ಟಿಗೆ ಪಕ್ಕದಲ್ಲಿ ಸಾಕ್ಷಿ ಇಲ್ಲ.

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಸಂಘದ ಸದಸ್ಯತ್ವ, ಬ್ಯಾಂಕ್ ಖಾತೆ ಎರಡೂ ನಮ್ಮ ಮನೆಯವರ ಹೆಸರಿನಲ್ಲಿವೆ. ಆದರೆ ಖಾತೆಗೆ ಕೊಟ್ಟಿದ್ದ ನಂಬರು ನಮ್ಮದು. ಒಂದು ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ ಫೋನು ಬಂತು. "ನಿಮ್ಮ ಸಿಮ್ ಹಳೇದಾಗಿದೆ ಸಾರ್, ರಾತ್ರಿಗೆ ಬಂದ್ ಆಗುತ್ತೆ, ಇ-ಸಿಮ್ ಮಾಡಿಕೊಡುತ್ತೇವೆ, ಈಗ ಒಂದು ಮೆಸೇಜ್ ಬರುತ್ತೆ, ಅದಕ್ಕೆ ಒಂದು ಅಂತ ಒತ್ತಿ ಕಳಿಸಿ" ಅಂದ. ಚೆನ್ನಾದ ಕನ್ನಡ, ಸಾರ್ ಸಾರ್ ಅನ್ನುವ ಮರ್ಯಾದೆ. ಒಂದು ಕೈಯಲ್ಲಿ ಹಾಲಿನ ಬಕೆಟ್ಟು, ಇನ್ನೊಂದು ಕೈಯಲ್ಲಿ ಫೋನು. ಒತ್ತಿಬಿಟ್ಟೆವು. ಸ್ವಲ್ಪ ಹೊತ್ತಿಗೆ ಸಿಗ್ನಲ್ ಹೋಯಿತು. ನಮ್ಮೂರಿನಲ್ಲಿ ಕರೆಂಟ್ ಹೋದರೆ ಟವರ್ ಹೋಗುವುದು ಮಾಮೂಲಿ. ಟವರಿಗೆ ಬೈದುಕೊಂಡು ಮಲಗಿದೆವು.

ಮಾರನೇ ದಿನವೂ ಸಿಗ್ನಲ್ ಇಲ್ಲ. ಪಕ್ಕದ ಮನೆಯವರದೂ ಅದೇ ಕಂಪನಿ ಸಿಮ್ಮು, ಅವರು ಆರಾಮಾಗಿ ಮಾತಾಡುತ್ತಿದ್ದರು. ಆವಾಗಲೇ ಎದೆ ಧಸಕ್ ಅಂದಿತು. ಆದರೂ ಬಾಯಿ ಬಿಡಲಿಲ್ಲ. ಡೈರಿ ಡೈರೆಕ್ಟರು, ನಾಲ್ಕು ಜನಕ್ಕೆ ಬುದ್ಧಿ ಹೇಳುವವರು ಹೀಗೆ ಮೋಸ ಹೋದರು ಅಂದರೆ ಏನಂದುಕೊಂಡಾರು ಎಂಬ ನಾಚಿಕೆ. ಮೂರನೇ ದಿನ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಹೊಸ ಹಸು ಕೊಳ್ಳಲು ಕೂಡಿಟ್ಟಿದ್ದ 46,000 ರೂಪಾಯಿ ಹೋಗಿತ್ತು. ಆಮೇಲೆ ದೂರು ಕೊಟ್ಟೆವು. ತಡೆಹಿಡಿದು ಉಳಿಸಲು ಸಿಕ್ಕಿದ್ದು 9,000 ಮಾತ್ರ. ನಮ್ಮ ಮನೆಯವರು ಒಂದೇ ಮಾತು ಕೇಳಿದರು: "ಹಾಲಿಗೆ ನೀರು ಹಾಕಿದವರನ್ನ ಡೈರಿ ಮುಂದೆ ನಿಲ್ಲಿಸಿ ಕೇಳ್ತೀರಿ. ನಿಮ್ಮ ತಪ್ಪನ್ನ ಮಾತ್ರ ಯಾಕೆ ಬಚ್ಚಿಟ್ರಿ?" ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಇಲ್ಲಿ ನಿಂತು ಹೇಳುತ್ತಿರುವುದೇ ಆ ಉತ್ತರ.

ಇ-ಸಿಮ್ ಅಂದರೆ ಏನು? ನಾವು ಕೈಯಲ್ಲಿ ಹಿಡಿಯುವ ಸಿಮ್ ಒಂದು ಚಿಕ್ಕ ಚಿಪ್ಪು. ಇ-ಸಿಮ್ಮಿನಲ್ಲಿ ಆ ಚಿಪ್ಪು ಫೋನಿನ ಒಳಗೇ ಕೂತಿರುತ್ತೆ. ಕಂಪನಿಯವರು ಕೊಡುವ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ನಂಬರು ಅದರೊಳಗೆ ಇಳಿಯುತ್ತೆ, ಹಳೇ ಕಾರ್ಡು ಸತ್ತುಹೋಗುತ್ತೆ. ಇದು ಕೆಟ್ಟ ವಸ್ತುವಲ್ಲ. ಫೋನು ಕದ್ದವನು ಕಾರ್ಡ್ ಕಿತ್ತು ಬಿಸಾಡಲಿಕ್ಕೆ ಆಗುವುದಿಲ್ಲ, ಅದು ಒಂದು ಅನುಕೂಲ. "ನಮ್ಮದು ಹಳೇ ಫೋನು, ಇ-ಸಿಮ್ ಹಿಡಿಯೋದೇ ಇಲ್ಲ, ನಮಗೇನು ಭಯ" ಎಂದು ಕೆಲವರು ಕೇಳುತ್ತಾರೆ. ನಮ್ಮದೂ ಹಳೇ ಫೋನೇ. ಇ-ಸಿಮ್ ಹೋಗಿ ಕೂತದ್ದು ನಮ್ಮ ಫೋನಿನಲ್ಲಲ್ಲ, ಕಳ್ಳನ ಫೋನಿನಲ್ಲಿ. ನಾವು ಒತ್ತಿದ ಒಂದು, ಒಪ್ಪಿಗೆಯ ಹೆಬ್ಬೆಟ್ಟು. ಇಂಥ ಮೋಸದ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವೂ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಇನ್ನೊಂದು ವಿಷಯ ಆಮೇಲೆ ತಿಳಿದು ಹೊಟ್ಟೆ ಉರಿಯಿತು. ಸಿಮ್ ಬದಲಾದ ಮೇಲೆ ಮೊದಲ 24 ಗಂಟೆ ಹೊಸ ಸಿಮ್ಮಿಗೆ ಎಸ್ಸೆಮ್ಮೆಸ್ ಹೋಗಬಾರದು, ಬರಬಾರದು ಎಂದು ದೂರಸಂಪರ್ಕ ಇಲಾಖೆ 2022ರಲ್ಲೇ ಆದೇಶ ಮಾಡಿದೆ. ಅಂದರೆ ನಮಗೆ ಒಂದು ದಿನದ ಗಡುವು ಇತ್ತು. ಅದನ್ನು ನಾವು ಟವರ್ ಬೈಯುತ್ತಾ ಕಳೆದೆವು. ಹಾಗಂತ ಇದನ್ನೇ ನಂಬಿ ಕೂರಬೇಡಿ, ಓಟಿಪಿ ಕರೆಯ ಮೂಲಕವೂ ಬರಬಹುದು. ನೀವು ನಿಜವಾಗಿ ಹೊಸ ಸಿಮ್ ತಗೊಂಡಾಗ ಒಂದು ದಿನ ಮೆಸೇಜ್ ಬಾರದಿದ್ದರೆ ಗಾಬರಿಯಾಗಬೇಡಿ. ಬ್ಯಾಂಕಿನ ಕೆಲಸ ಇರುವ ದಿನ ಮಾತ್ರ ಸಿಮ್ ಬದಲಾಯಿಸಬೇಡಿ.

ಈಗ ಮಾಡಬೇಕಾದ್ದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು, ಸಿಗ್ನಲ್ ಹೋದರೆ ಅದೇ ಕಂಪನಿಯ ಸಿಮ್ ಇರುವ ಪಕ್ಕದವರ ಫೋನು ನೋಡಿ. ಅವರಿಗೂ ಇಲ್ಲದಿದ್ದರೆ ಟವರ್ ತೊಂದರೆ. ಅವರಿಗಿದ್ದು ನಿಮಗಿಲ್ಲ ಅಂದರೆ ಫೋನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಗಲೂ ಬಾರದಿದ್ದರೆ ಬೆಳಗಾಗಲಿ ಅನ್ನಬೇಡಿ. ಅವರ ಫೋನಿನಿಂದಲೇ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಸಿಮ್ ಕಂಪನಿಗೆ ಹೇಳಿ. ದುಡ್ಡು ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಫೋನು ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲು ಹಿಡಿಯಬೇಕು, ಅದಕ್ಕೇ ಈ ಅವಸರ.

ಎರಡನೆಯದು, ಸಿಮ್ ಯಾರ ಹೆಸರಿನಲ್ಲಿದೆ ನೋಡಿ. ನಮ್ಮೂರಿನಲ್ಲಿ ಅರ್ಧ ಜನದ ಸಿಮ್ಮು ಮಗನ ಹೆಸರಿನಲ್ಲೋ ಅಳಿಯನ ಹೆಸರಿನಲ್ಲೋ ಇರುತ್ತೆ. ಅವನು ಬೆಂಗಳೂರಿನಲ್ಲಿರುತ್ತಾನೆ. ಸಿಮ್ ಕಳೆದರೆ ಹೊಸದು ಕೊಡಲು ಅವನೇ ಬರಬೇಕು. ಖಾತೆ ಯಾರದೋ, ಅವರ ಆಧಾರಿನಲ್ಲೇ ಸಿಮ್ ಇರಲಿ. ನಮ್ಮ ಮನೆಯವರೂ ಈಗ ತಮ್ಮ ಹೆಸರಿನಲ್ಲೇ ಸಿಮ್ ಮಾಡಿಸಿಕೊಂಡು, ಬ್ಯಾಂಕಿಗೆ ಆ ನಂಬರು ಕೊಟ್ಟಿದ್ದಾರೆ. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರು ಇವೆ ಎಂದು ಸರ್ಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು. ನಮ್ಮ ರಾಜ್ಯದಲ್ಲಿ ಒಬ್ಬರಿಗೆ 9 ಸಿಮ್ ಮಿತಿ. ನಿಮ್ಮದಲ್ಲದ್ದು ಕಂಡರೆ ಅಲ್ಲೇ ನನ್ನದಲ್ಲ ಎಂದು ದಾಖಲಿಸಿ. ಫೋನು ಕಳೆದರೆ ಪೊಲೀಸ್ ದೂರಿನ ಜೊತೆ ಅದನ್ನು ಬ್ಲಾಕ್ ಮಾಡಿಸುವುದೂ ಅಲ್ಲೇ.

ಮೂರನೆಯದು, ಕಂಪನಿ ಬದಲಾಯಿಸುವುದು. ನಂಬರು ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿಯಲ್ಲಿ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರು ಹಾಕಿ 1900ಕ್ಕೆ ಕಳಿಸಿದರೆ 8 ಅಕ್ಷರದ ಕೋಡು ಬರುತ್ತೆ. ಆ ಕೋಡನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಕೂತು ಕೊಡಬೇಕೇ ಹೊರತು ಫೋನಿನಲ್ಲಿ ಕೇಳಿದವರಿಗಲ್ಲ. ಸಿಮ್ ಬದಲಾದ 7 ದಿನದೊಳಗೆ ಈ ಕೋಡು ಕೊಡಬಾರದು ಎಂದು 2024ರ ಜುಲೈ 1ರಿಂದ ನಿಯಮ ಇದೆ. ನೀವು ಕೇಳದೆ ಇಂಥ ಕೋಡು ಬಂದರೆ ಯಾರೋ ನಿಮ್ಮ ಫೋನಿಗೆ ಕೈ ಹಾಕಿದ್ದಾರೆ ಎಂದೇ ತಿಳಿಯಿರಿ.

ನಾಲ್ಕನೆಯದು, ಸಿಮ್ಮಿಗೇ ಒಂದು ಬೀಗ ಇದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಸಿಮ್ ಲಾಕ್ ಹಾಕಿ ನಿಮ್ಮದೇ ಪಿನ್ ಇಟ್ಟರೆ ಕಳ್ಳ ನಿಮ್ಮ ಕಾರ್ಡು ಕಿತ್ತು ಬೇರೆ ಫೋನಿಗೆ ಹಾಕಿದರೂ ನಡೆಯುವುದಿಲ್ಲ. ಆದರೆ ಜ್ಞಾಪಕ ಇಟ್ಟುಕೊಳ್ಳಿ, 3 ಸಲ ತಪ್ಪು ಒತ್ತಿದರೆ ಪಿಯುಕೆ ಎಂಬ ನಂಬರು ಕೇಳುತ್ತೆ, ಅದನ್ನು ಕಂಪನಿಯವರು ಕೊಡಬೇಕು. ಅದನ್ನೂ 10 ಸಲ ತಪ್ಪು ಒತ್ತಿದರೆ ಸಿಮ್ ಕೆಲಸಕ್ಕೆ ಬಾರದು. ಅಂದಾಜಿನಲ್ಲಿ ಒತ್ತಬೇಡಿ. ನಮಗಾದಂಥ ಮೋಸವನ್ನು ಈ ಬೀಗ ತಡೆಯುವುದಿಲ್ಲ, ಅದಕ್ಕೆ ನಮ್ಮ ಎಚ್ಚರವೇ ಬೀಗ.

ಐದನೆಯದು, ಬ್ಯಾಂಕಿಗೆ ಕೊಟ್ಟ ನಂಬರನ್ನು ರೀಚಾರ್ಜ್ ಇಲ್ಲದೆ ಬಿಡಬೇಡಿ. 90 ದಿನ ಬಳಸದೆ, ಅದರಲ್ಲಿ 20 ರೂಪಾಯಿ ಬ್ಯಾಲೆನ್ಸೂ ಇಲ್ಲದಿದ್ದರೆ ನಂಬರು ನಿಂತುಹೋಗಬಹುದು. ನಿಂತ ಮೇಲೆ ಮತ್ತೆ ಕನಿಷ್ಠ 90 ದಿನ ಕಳೆದು ಅದು ಬೇರೆಯವರ ಪಾಲಾಗಬಹುದು. ಆಮೇಲೆ ನಿಮ್ಮ ಖಾತೆಯ ಮೆಸೇಜು ಯಾರದೋ ಜೇಬಿಗೆ. ನಂಬರು ಬಿಡುವುದೇ ಆದರೆ ಮೊದಲು ಬ್ಯಾಂಕಿನಲ್ಲಿ ಬದಲಾಯಿಸಿ, ಆಮೇಲೆ ಬಿಡಿ.

ಕೊನೆಯದಾಗಿ ಆಡಳಿತ ಮಂಡಳಿಗೆ ನಮ್ಮ ಎರಡು ಕೋರಿಕೆ. ಡೈರಿ ಗೋಡೆಯ ಮೇಲೆ ಫ್ಯಾಟಿನ ದರಪಟ್ಟಿ ಪಕ್ಕದಲ್ಲೇ 1930 ಎಂದು ದಪ್ಪಕ್ಷರದಲ್ಲಿ ಬರೆಸಬೇಕು. ಬಟವಾಡೆ ವಾರದಲ್ಲಿ ಒಂದು ಬೆಳಿಗ್ಗೆ ನಮ್ಮೂರ ಓದಿದ ಹುಡುಗರು ಬಂದು ಕೂತು, ಯಾರ ಸಿಮ್ ಯಾರ ಹೆಸರಿನಲ್ಲಿದೆ ನೋಡಿಕೊಡಬೇಕು. ನೋಡಿಕೊಡುವುದು ಮಾತ್ರ. ಬ್ಯಾಂಕಿನ ಓಟಿಪಿಯನ್ನು ಹುಡುಗರಿಗಾಗಲಿ, ಕಾರ್ಯದರ್ಶಿಗಳಿಗಾಗಲಿ, ಡೈರೆಕ್ಟರಾದ ನಮಗಾಗಲಿ ಹೇಳಬೇಡಿ.

ಮೋಸ ಹೋದವರು ಬಾಯಿಮುಚ್ಚಿ ಕೂರಬೇಡಿ. ಆವತ್ತು ಹೆಬ್ಬೆಟ್ಟಿನ ಪಕ್ಕ ಸಾಕ್ಷಿ ರುಜು ಹಾಕಿದ ಸಂಘವೇ ಇದು. ಇವತ್ತೂ ನಿಮ್ಮ ಪಕ್ಕ ನಿಲ್ಲುತ್ತೆ. ಮೊದಲು ನಮ್ಮ ಮನೆ ಬಾಗಿಲು ಬಡಿಯಿರಿ, ಎಷ್ಟು ಹೊತ್ತಾದರೂ ಸರಿ. ಹೊಸ ಹಸು ಇನ್ನೂ ನಮ್ಮ ಕೊಟ್ಟಿಗೆಗೆ ಬಂದಿಲ್ಲ. ನಿಮ್ಮ ಹಸು ನಿಮ್ಮ ಕೊಟ್ಟಿಗೆಯಲ್ಲೇ ಇರಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.