ಆಟದ ರೈಲಿಗೊಂದು ಮನೆ

ನಮ್ಮ ಆನೇಕಲ್ಲಿಗೆ ರೈಲು ಬರುತ್ತದೆಯೆ ಎಂದು ಯಾರಾದರೂ ಕೇಳಿದರೆ ನೇರವಾಗಿ ಉತ್ತರ ಹೇಳುವುದು ಸ್ವಲ್ಪ ಕಷ್ಟ. ನಿಲ್ದಾಣವೇನೊ ಇದೆ, ಆದರೆ ಅದರ ಹೆಸರು ‘ಆನೇಕಲ್ ರೋಡ್’. ಊರಿನ ಹೆಸರಿಗೆ ‘ರೋಡ್’ ಎಂಬ ಬಾಲ ಸೇರಿದ್ದರೆ, ಇಲ್ಲಿರುವುದು ಊರಲ್ಲ, ಊರಿಗೆ ಹೋಗುವ ದಾರಿ ಎಂದು ಪ್ರಯಾಣಿಕನು ತಿಳಿದುಕೊಳ್ಳಬೇಕು. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹಳಿ ಅಲ್ಲಿ ಹಾದುಹೋಗುತ್ತದೆ. ಮೊದಲು ಮೀಟರ್ ಗೇಜ್ ಇತ್ತು. ಈಗ ಬ್ರಾಡ್ ಗೇಜ್ ಇದೆ. ಊರಿನೊಳಕ್ಕೇ ಬಂದ ರೈಲೊಂದನ್ನು ಮಾತ್ರ ನಾನು ಬಲ್ಲೆ. ಅದು ನಮ್ಮ ಮನೆಯ ನಡುಮನೆಯಲ್ಲಿ ಓಡುತ್ತಿತ್ತು.

ಅದು ಮರದ ರೈಲು. ಮೈಸೂರಿನಿಂದ ಹಿಂದಿರುಗುವಾಗ ನಮ್ಮ ತಂದೆ ಚನ್ನಪಟ್ಟಣದಲ್ಲಿ ಇಳಿದು ಕೊಂಡು ತಂದದ್ದು. ಒಂದು ಎಂಜಿನ್ನು, ಮೂರು ಡಬ್ಬಿ, ಎಳೆಯಲು ಒಂದು ದಾರ. ಆಲೆಮರವನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣವಾಗಿ ಹತ್ತಿಕೊಳ್ಳುವಂತೆ ಮಾಡುವ ಆ ಊರಿನ ಕೆಲಸ ನಿಮಗೆಲ್ಲ ತಿಳಿದದ್ದೇ. ೧೮೮೦ ಮತ್ತು ೧೮೮೨ರ ನಡುವೆ ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ಹಳಿ ಚನ್ನಪಟ್ಟಣದ ಮೇಲೆಯೇ ಹೋಯಿತು. ನಿಜವಾದ ರೈಲು ಊರ ಪಕ್ಕದಲ್ಲಿ ಓಡುತ್ತಿರುವಾಗ ಬೊಂಬೆ ಮಾಡುವವನ ಕೈ ಸುಮ್ಮನಿದ್ದೀತೆ?

ತಂದೆಯವರು ಅದನ್ನು ‘ಹೊಸೂರು ರೈಲು’ ಎಂದು ಕರೆಯುತ್ತಿದ್ದರು. ಅದಕ್ಕೆ ಕಾರಣವಿತ್ತು. ಆಗಿನ ಮದರಾಸು ಪ್ರಾಂತದಲ್ಲಿ, ಕ್ಷಾಮ ಬಂದಾಗ ಧಾನ್ಯ ಸಾಗಿಸುವುದಕ್ಕೆಂದು, ಮೊರಪ್ಪೂರಿನಿಂದ ಧರ್ಮಪುರಿಗೆ ೧೯೦೬ರಲ್ಲಿ ಒಂದು ಕಿರುಹಳಿ ಹಾಕಿದರು. ೧೯೧೩ರಲ್ಲಿ ಅದನ್ನು ಹೊಸೂರಿನವರೆಗೆ ಬೆಳೆಸಿದರು. ಹಳಿಗಳ ನಡುವೆ ಎರಡೂವರೆ ಅಡಿ ಮಾತ್ರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ರೈಲು ನಿಂತುಹೋಯಿತು. ಬಾಲಕನಾಗಿದ್ದಾಗ ಅಜ್ಜನ ಜೊತೆ ಎತ್ತಿನ ಗಾಡಿಯಲ್ಲಿ ಹೊಸೂರಿನ ಸಂತೆಗೆ ಹೋದ ತಂದೆ ಅದನ್ನು ಕಂಡಿದ್ದರು. ಎಂಜಿನ್ನು ನಮ್ಮ ಎತ್ತಿನ ಕೊಂಬಿಗಿಂತ ಬಹಳ ಎತ್ತರವೇನೂ ಇರಲಿಲ್ಲವೆಂದು ಅವರು ಹೇಳುತ್ತಿದ್ದರು. ಅದರಲ್ಲಿ ಬಾಲ್ಯದ ಉತ್ಪ್ರೇಕ್ಷೆ ಎಷ್ಟಿತ್ತೊ. ನಮ್ಮ ಸೀಮೆಯಲ್ಲಿ ಆ ರೈಲಿನ ಒಂದು ಮಾದರಿಯನ್ನಾಗಲಿ ಚಿತ್ರವನ್ನಾಗಲಿ ನಾನು ನೋಡಿಲ್ಲ. ನನ್ನ ಪಾಲಿಗೆ ಅದು ಉಳಿದದ್ದು ಮರದ ರೈಲಿಗೆ ತಂದೆ ಇಟ್ಟ ಹೆಸರಿನಲ್ಲಿ ಮಾತ್ರ.

ನನಗೊಬ್ಬ ತಮ್ಮನಿದ್ದ. ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡ. ಹಲ್ಲು ಬರುವ ಕಾಲದಲ್ಲಿ ಅವನು ಆ ಎಂಜಿನ್ನಿನ ಹೊಗೆಕೊಳವೆಯನ್ನು ಕಚ್ಚಿ ಕಚ್ಚಿ ಅದರ ಅಂಚಿನಲ್ಲಿ ಸಾಲಾಗಿ ಸಣ್ಣ ಕುಳಿಗಳನ್ನು ಮೂಡಿಸಿದ್ದ. ಆಲೆಮರ ಮೃದು, ಮಗುವಿನ ಹಲ್ಲಿಗೂ ಸೋಲುತ್ತದೆ. ಎಷ್ಟೋ ವರ್ಷಗಳ ಮೇಲೆ, ನನಗೆ ಮಗಳು ಹುಟ್ಟಿದಾಗ, ಅಟ್ಟದಿಂದ ಆ ರೈಲನ್ನು ಇಳಿಸಿದೆ. ಬಣ್ಣ ಮಾಸಿತ್ತು. ಮಗುವಿಗೆ ಕೊಡುವ ವಸ್ತು ಚೆನ್ನಾಗಿರಲಿ ಎಂದು ಚರಕಿ ಕೆಲಸದವರೊಬ್ಬರ ಕೈಗೆ ಕೊಟ್ಟೆ. ಅವರು ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿದರು: ಹಳೆಯದನ್ನು ಹೆರೆದು, ಹೊಸ ಅರಗು ಹತ್ತಿಸಿ, ಕನ್ನಡಿಯಂತೆ ಮಾಡಿಕೊಟ್ಟರು. ಮನೆಗೆ ತಂದು ಹೆಮ್ಮೆಯಿಂದ ತಾಯಿಯ ಕೈಯಲ್ಲಿಟ್ಟೆ. ಆಕೆ ಎಂಜಿನ್ನನ್ನು ಎತ್ತಿ, ಹೊಗೆಕೊಳವೆಯ ಅಂಚಿನ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿ, ಇನ್ನೊಂದು ಸಲ ಆಡಿಸಿ, ಏನೂ ಹೇಳದೆ ಕೆಳಗಿಟ್ಟರು. ನಾನು ಏನು ಮಾಡಿದ್ದೆನೆಂಬುದು ಆಗ ನನಗೆ ತಿಳಿಯಿತು. ಆಕೆ ಅದರ ಮಾತನ್ನು ಮುಂದೆಂದೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ, ನಾನು ಕಂಡ ಒಂದು ವಸ್ತುಸಂಗ್ರಹಾಲಯ. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿಯ ಕಡಲತೀರದ ಬ್ರೈಟನ್ ನಗರಕ್ಕೆ ನನ್ನನ್ನು ಕರೆದೊಯ್ದರು. ಆ ಊರಿನ ರೈಲು ನಿಲ್ದಾಣ ೧೮೪೦ರಷ್ಟು ಹಳೆಯದು. ನಿಲ್ದಾಣದ ಮುಂಗಳವನ್ನು ಹೊತ್ತಿರುವ ಇಟ್ಟಿಗೆಯ ಕಮಾನುಗಳ ಕೆಳಗೆ, ನಮ್ಮ ಕಡೆಯ ನೆಲಮಾಳಿಗೆಯಂಥ ಜಾಗದಲ್ಲಿ, ಆಟಿಕೆಗಳ ಮತ್ತು ಮಾದರಿಗಳ ಸಂಗ್ರಹಾಲಯವೊಂದಿದೆ. ಕ್ರಿಸ್ ಲಿಟಲ್‌ಡೇಲ್ ಎಂಬ ಸಂಗ್ರಾಹಕರು ೧೯೯೧ರಲ್ಲಿ ಅದನ್ನು ಸ್ಥಾಪಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ವಸ್ತುಗಳು ಅಲ್ಲಿವೆ. ಅವುಗಳಲ್ಲಿ ಆಟದ ರೈಲುಗಳದ್ದೇ ಮೇಲುಗೈ. ಅದನ್ನು ನಡೆಸುವವರು ಸ್ವಯಂಸೇವಕರು. ಮೇಲೆ ದೊಡ್ಡ ರೈಲುಗಳು, ಕೆಳಗೆ ಸಣ್ಣ ರೈಲುಗಳು. ಮೇಲಿನವರಿಗೆ ಸಂಬಳ, ಕೆಳಗಿನವರಿಗೆ ಸಂತೋಷ.

ಆಟದ ರೈಲಿಗೂ ಒಂದು ಚರಿತ್ರೆಯಿದೆ ಎಂಬುದು ಅಲ್ಲಿ ಮನಸ್ಸಿಗೆ ಬಂತು. ಜರ್ಮನಿಯ ಗೋಪಿಂಗೆನ್ ಊರಿನಲ್ಲಿ ೧೮೫೯ರಲ್ಲಿ ಬೊಂಬೆಮನೆಗೆ ಬೇಕಾದ ತಗಡಿನ ಪಾತ್ರೆಪಡಗ ಮಾಡುವುದರಿಂದ ಆರಂಭವಾದ ಮಾರ್ಕ್ಲಿನ್ ಸಂಸ್ಥೆಯವರು, ೧೮೯೧ರಲ್ಲಿ ಲೈಪ್ಜಿಗ್ ಜಾತ್ರೆಗೆ ಹಳಿಯ ಮೇಲೆ ಓಡುವ ರೈಲನ್ನು ತಂದರು. ಇಂಥಿಂಥ ಅಳತೆಯ ಹಳಿ ಎಂದು ಅವರು ಗೊತ್ತುಮಾಡಿದ ಮೇಲೆ, ಈ ವರ್ಷ ಕೊಂಡ ಎಂಜಿನ್ನಿಗೆ ಮುಂದಿನ ವರ್ಷ ಹಳಿಯನ್ನೂ ಡಬ್ಬಿಯನ್ನೂ ಕೊಂಡು ಸೇರಿಸಬಹುದಾಯಿತು. ಆಟಿಕೆ ಬೆಳೆಯಬಲ್ಲದ್ದಾಯಿತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರ ಚಾವಿ ರೈಲುಗಳು ೧೯೨೦ರಲ್ಲಿ ಬಂದವು. ನಮ್ಮ ದೇಶದ ಬ್ರಾಡ್ ಗೇಜ್ ೧೬೭೬ ಮಿಲಿಮೀಟರು. ಮೀಟರ್ ಗೇಜ್ ೧೦೦೦. ಹೊಸೂರಿನ ರೈಲು ೭೬೨. ಹಾರ್ನ್‌ಬಿಯವರ ಆಟದ ರೈಲು ೩೨. ದೊಡ್ಡದನ್ನು ಗ್ರಹಿಸಲು ಮನುಷ್ಯನಿಗೆ ಅದನ್ನು ಅಂಗೈಗೆ ಇಳಿಸಿಕೊಳ್ಳುವ ಅಗತ್ಯವಿದೆಯೆಂದು ತೋರುತ್ತದೆ. ಗುಡಿಯ ಮೂಲವಿಗ್ರಹ ಇದ್ದಲ್ಲೇ ಇರುತ್ತದೆ. ಬೀದಿಗೆ ಬಂದು ಎಲ್ಲರಿಗೂ ದರ್ಶನ ಕೊಡುವುದು ಉತ್ಸವಮೂರ್ತಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಚರಿತ್ರೆಯಲ್ಲ. ಅಲ್ಲಿಯ ರೈಲುಗಳ ಬಣ್ಣ ಸವೆದಿತ್ತು. ಮಕ್ಕಳ ಬೆರಳು ಮತ್ತೆ ಮತ್ತೆ ತಾಗಿದ ಕಡೆ ತಗಡು ಕಾಣುತ್ತಿತ್ತು. ಯಾರೂ ಅವುಗಳ ಮೇಲೆ ಹೊಸ ಬಣ್ಣ ಬಳಿದಿರಲಿಲ್ಲ. ಮೇಲೆ ಬಳಿದ ಬಣ್ಣ ವಸ್ತುವನ್ನು ಉಳಿಸುವುದಿಲ್ಲ, ಅದರ ಸಾಕ್ಷ್ಯವನ್ನು ಅಳಿಸುತ್ತದೆ ಎಂಬುದು ಈ ವಿದ್ಯೆಯ ಮೊದಲ ಪಾಠವಂತೆ. ನಾನು ಅದನ್ನು ಬಹಳ ತಡವಾಗಿ ಕಲಿತೆ. ಹಳೆಯ ಓಲೆಗರಿಯಲ್ಲಿ ಲಿಪಿಕಾರ ಮಾಡಿದ ತಪ್ಪನ್ನು ತಿದ್ದಿ ಅಚ್ಚುಹಾಕಿದರೂ ಮೂಲಪಾಠವನ್ನು ಅಡಿಯಲ್ಲಿ ಕೊಡಬೇಕೆಂದು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿದವನು ನಾನು. ನನ್ನ ಮನೆಯಲ್ಲೇ ಇದ್ದ ಮೂಲಪಾಠವನ್ನು ಹೆರೆಸಿಹಾಕಿದ್ದೆ.

ಎರಡನೆಯ ಪಾಠ ಮೊದಲನೆಯದಕ್ಕೆ ವಿರೋಧವಾದದ್ದು. ಚಾವಿ ಕೊಟ್ಟು ಓಡಿಸುವ ಎಂಜಿನ್ನನ್ನು ಮುಟ್ಟದೆ ಗಾಜಿನ ಬೀರುವಿನಲ್ಲಿ ಇಟ್ಟರೆ ಅದರೊಳಗಿನ ಎಣ್ಣೆ ಗಟ್ಟಿಯಾಗಿ ಅಂಟಾಗುತ್ತದೆ; ಹಲ್ಲುಚಕ್ರಗಳು ಹಿಡಿದುಕೊಳ್ಳುತ್ತವೆ. ಓಡಿಸಿದರೆ ಸವೆಯುತ್ತದೆ, ಓಡಿಸದಿದ್ದರೆ ನಿಂತೇಹೋಗುತ್ತದೆ. ಹಳೆಯ ಕಾಲದ ಕೆಲವು ಎರಕದ ಚಕ್ರಗಳಿಗಂತೂ ಮದ್ದೇ ಇಲ್ಲದ ರೋಗವಿದೆ. ಸತುವಿನ ಮಿಶ್ರಲೋಹದಲ್ಲಿ ಅಂದು ಸೇರಿಕೊಂಡ ಒಂದಿಷ್ಟು ಸೀಸದಿಂದ ಲೋಹವೇ ಊದಿ, ಬಿರುಕು ಬಿಟ್ಟು, ಒಣಗಿದ ಸುಣ್ಣದಂತೆ ಪುಡಿಯಾಗುತ್ತದೆ. ಆದ್ದರಿಂದ ಇವುಗಳ ಬಳಿ ಯಾರಾದರೂ ಕುಳಿತಿರಬೇಕು. ಒಂದು ತೊಟ್ಟು ಎಣ್ಣೆ ಬಿಡಬೇಕು. ಎಷ್ಟು ಸುತ್ತು ಚಾವಿ ಕೊಟ್ಟರೆ ಸಾಕೆಂದು ಬೆರಳಿಗೆ ಗೊತ್ತಿರಬೇಕು. ಬ್ರೈಟನ್ನಿನಲ್ಲಿ ೧೯೩೦ರ ದಶಕದ ರೀತಿಯ ದೊಡ್ಡ ಹಳಿಜಾಲವೊಂದಿದೆ. ಗೊತ್ತಾದ ದಿನಗಳಲ್ಲಿ ಅದರ ಮೇಲೆ ಹಳೆಯ ರೈಲುಗಳನ್ನು ಓಡಿಸುತ್ತಾರೆ. ಉಳಿದ ದಿನಗಳೆಲ್ಲ ಆ ದಿನದ ತಯಾರಿ.

ಇಂಥ ಕೆಲಸಕ್ಕೆ ಸ್ವಯಂಸೇವಕನೇ ಏಕೆ ಬೇಕು? ನಿಜವಾದ ರೈಲಿಗೆ ಇಲಾಖೆಯಿದೆ. ಆಟದ ರೈಲಿಗೆ ಇಲಾಖೆಯಿಲ್ಲ. ರೈಲ್ವೆಯವರು ೧೯೭೯ರಲ್ಲಿ ಮೈಸೂರಿನಲ್ಲಿ ತೆರೆದ ಸಂಗ್ರಹಾಲಯ ನಮಗೆಲ್ಲ ಅಭಿಮಾನದ ವಿಷಯ. ಹಬೆಯ ಎಂಜಿನ್ನುಗಳನ್ನೂ ೧೮೯೯ರ ಮಹಾರಾಣಿಯವರ ಗಾಡಿಯನ್ನೂ ಅಲ್ಲಿ ಕಾಣಬಹುದು. ಮಹಾರಾಣಿ ಕುಳಿತ ಗಾಡಿಯನ್ನು ಇಡುವುದಕ್ಕೆ ಕಾರಣ ಹೇಳಬೇಕಾಗಿಲ್ಲ. ಒಬ್ಬ ಮೇಷ್ಟರ ಮಗ ದಾರ ಕಟ್ಟಿ ಎಳೆದ ಗಾಡಿಯನ್ನು ಇಡಲು ಮಾತ್ರ, ತಾನೂ ಒಮ್ಮೆ ಅಂಥದನ್ನು ಎಳೆದವನೇ ಬೇಕು. ಪುಣೆಯಲ್ಲಿ ಜೋಶಿ ಎಂಬವರು ೧೯೯೮ರಲ್ಲಿ ಮಾದರಿ ರೈಲುಗಳ ಒಂದು ಪುಟ್ಟ ನಗರವನ್ನೇ ಕಟ್ಟಿ ಜನರಿಗೆ ತೆರೆದರು. ಅದರ ಹಿಂದಿದ್ದದ್ದು ಒಬ್ಬ ಮನುಷ್ಯನ ಹುಚ್ಚು. ನಮ್ಮ ಕಡೆಯೂ ಆಸಕ್ತರಿಲ್ಲದೆ ಇಲ್ಲ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ೧೯೧೫ರಲ್ಲಿ ಹಾಕಿದ ಕಿರುಹಳಿಯ ದಾರಿಯಲ್ಲಿರುವ ನಂದಿ ಹಾಲ್ಟಿನಂಥ ಹೆಂಚಿನ ನಿಲ್ದಾಣಗಳನ್ನು ಈಚಿನ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯವರು ಕಾಳಜಿಯಿಂದ ದುರಸ್ತಿ ಮಾಡಿಸಿದ್ದಾರೆ. ಆದರೆ ಚನ್ನಪಟ್ಟಣದ ಮರದ ರೈಲುಗಳನ್ನು, ಆಡಿ ಸವೆಸಿದ ಹಳೆಯ ರೈಲುಗಳನ್ನು, ಒಂದೆಡೆ ಕೂಡಿಸಿಟ್ಟ ಜಾಗವನ್ನು ನಾನು ಕಂಡಿಲ್ಲ. ಆ ಊರಿನ ಬೊಂಬೆಗೆ ೨೦೦೫ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಾನ್ಯತೆ ಸಿಗುವುದು ಹೊಸ ಬೊಂಬೆಗೆ. ಹಳೆಯದು ಅಟ್ಟದ ಮೇಲಿರುತ್ತದೆ, ಇಲ್ಲವೆ ನೀರೊಲೆಗೆ ಹೋಗಿರುತ್ತದೆ.

ಆನೇಕಲ್ಲಿನಲ್ಲಿ ಒಂದು ಸಂಗ್ರಹಾಲಯ ಕಟ್ಟಬೇಕೆಂದು ನಾನು ಹೇಳಹೊರಟಿಲ್ಲ. ಕಟ್ಟಡವೆಂದರೆ ಸಮಿತಿ, ಸಮಿತಿಯೆಂದರೆ ಉದ್ಘಾಟನೆ, ಆಮೇಲೆ ಬೀಗ. ನಮ್ಮಲ್ಲಿ ಈ ಕ್ರಮ ತಪ್ಪಿದ್ದು ಕಡಿಮೆ. ನನ್ನ ಕೋರಿಕೆ ಅದಕ್ಕಿಂತ ಚಿಕ್ಕದು. ನಿಮ್ಮ ಅಟ್ಟದಲ್ಲಿ ಇಂಥದೊಂದು ವಸ್ತುವಿದ್ದರೆ ಅದನ್ನು ಚೆಂದ ಮಾಡಲು ಹೋಗಬೇಡಿ. ಧೂಳನ್ನು ಒಣಬಟ್ಟೆಯಿಂದ ಒರೆಸಿ, ಅಷ್ಟು ಸಾಕು. ಅದನ್ನು ಯಾರು ತಂದರು, ಯಾರು ಆಡಿದರು, ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು, ಬಲ್ಲ ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ, ಯಾರಾದರೂ ದೊಡ್ಡವರು ಎದುರಿಗೆ ಕುಳಿತು, ಮಕ್ಕಳ ಕೈಗೆ ಅದನ್ನು ಆಗಾಗ ಕೊಡಿ. ನಾಲ್ಕು ಮನೆಯವರು ಸೇರಿ ಒಂದು ಭಾನುವಾರ ಒಂದೇ ಜಗಲಿಯ ಮೇಲೆ ಹೀಗೆ ಮಾಡಿದರೆ, ಆ ಹೊತ್ತಿನ ಮಟ್ಟಿಗೆ ಅದೇ ಸಂಗ್ರಹಾಲಯ.

ನನ್ನ ಚೀಟಿಯನ್ನು ನಾನು ಬರೆದಿದ್ದೇನೆ. ತಂದೆ ತಾಯಿ ಇಬ್ಬರೂ ಈಗ ಇಲ್ಲ. ಆದ್ದರಿಂದ ನನಗೆ ನೆನಪಿದ್ದಷ್ಟು. ಚನ್ನಪಟ್ಟಣದ ಹೆಸರಿದೆ, ಹೊಸೂರಿನ ರೈಲಿನ ಕಥೆಯಿದೆ, ತಮ್ಮನ ಹೆಸರಿದೆ. ಕೊನೆಯಲ್ಲಿ ಇಷ್ಟು ಸೇರಿಸಿದ್ದೇನೆ: ‘ಎಂಜಿನ್ನಿನ ಹೊಗೆಕೊಳವೆಯ ಅಂಚಿನಲ್ಲಿ ಮಗುವಿನ ಹಲ್ಲಿನ ಗುರುತುಗಳಿದ್ದವು. ಅವನ್ನು ತೆಗೆಸಿದವನು ನಾನು.’