ಸೆರೆಮನೆಗೆ ಮೊದಲೇ ರಂಗಭೂಮಿ

ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಬಂದಿಗಳಿಂದ ನಾಟಕಗಳನ್ನು ಆಡಿಸಿದುದು ನಾಡಿಗೆ ತಿಳಿದ ಸಂಗತಿ. ಕಾರ್ನಾಡರ ‘ತಲೆದಂಡ’ವನ್ನೂ ಅವರು ಅಭಿನಯಿಸಿದರು. ಎದುರಿನವನ ಮಾತು ಮುಗಿಯುವವರೆಗೆ ಕಾಯುವುದು, ತನ್ನದಲ್ಲದ ದುಃಖವನ್ನು ತನ್ನ ಬಾಯಿಂದ ನುಡಿಯುವುದು ತಾಲೀಮು ಕಲಿಸುವ ಶಿಸ್ತು. ಈ ಪಾಠವು ಅಪರಾಧವಾದ ಮೇಲೆಯೇ ದೊರೆಯಬೇಕೆ? ಶಿವಾಜಿನಗರ, ಹಲಸೂರುಗಳ ಓಣಿಗಳಲ್ಲಿ ಶಾಲೆ ಬಿಟ್ಟ ಹುಡುಗರಿದ್ದಾರೆ. ತಮಿಳು, ಉರ್ದು, ಕನ್ನಡ ಮೂರೂ ಅಲ್ಲಿಯ ಮಾತು. 1975ರಲ್ಲಿ ಹುಟ್ಟಿದ ‘ಸಮುದಾಯ’ವು ನಾಟಕವನ್ನು ಬೀದಿಗೆ ತಂದಿತು, ಬೀದಿಯ ಹುಡುಗನನ್ನು ನಾಟಕಕ್ಕೆ ಕರೆತರುವ ಕೆಲಸ ಇನ್ನೂ ಬಹಳ ಉಳಿದಿದೆ. ಒಂದು ದಿನದ ಉತ್ಸವ ಇದಕ್ಕೆ ಸಾಲದು. ಸರಕಾರಿ ಶಾಲೆಯ ಒಂದು ಕೋಣೆ ಸಂಜೆ ತೆರೆದಿರಲಿ, ವರ್ಷವಿಡೀ ಒಬ್ಬ ಗುರು ಬರಲಿ. ತಾನಿಲ್ಲದೆ ನಾಳೆಯ ತಾಲೀಮು ನಡೆಯದೆಂಬ ಅರಿವೇ ಆ ಹುಡುಗನನ್ನು ಕಾಯುತ್ತದೆ.